ನಾಯಿ ಕಚ್ಚಿದರೆ ಒಂದು ಟಿ.ಟಿ. ಸಾಕೇ?



ಕಳೆದ ಮಳೆಗಾಲದಲ್ಲಿ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಸದಸ್ಯೆಯೊಬ್ಬರ ಕಾಲಿಗೆ ಬಟ್ಟೆ ಸುತ್ತಿತ್ತು. "ಏನಾಯ್ತಮ್ಮಾ?" ಎಂದು ಕೇಳಿದೆವು. "ನಾಯಿ ಕಚ್ತು ಸಿಸ್ಟರ್, ಮೂರು ದಿನ ಆಯ್ತು. ಅವತ್ತೇ ಟಿ.ಟಿ. ಹಾಕಿಸ್ಕೊಂಡೆ, ಇನ್ನೇನೂ ಭಯ ಇಲ್ಲ" ಎಂದರು. ಸುತ್ತ ಕೂತವರೂ ಹೌದೆಂದು ತಲೆಯಾಡಿಸಿದರು. ನಮಗೆ ಮಾತ್ರ ಎದೆ ಧಸಕ್ಕೆಂದಿತು. ಸಭೆ ಅಲ್ಲಿಗೇ ನಿಲ್ಲಿಸಿ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಆ ತಾಯಿ ಟಿ.ಟಿ. ಹಾಕಿಸಿಕೊಂಡದ್ದು ತಪ್ಪಲ್ಲ. ಅದೊಂದೇ ಸಾಕು ಎಂದುಕೊಂಡದ್ದು ತಪ್ಪು. ನಾಯಿ ಕಚ್ಚಿದ ಗಾಯದಿಂದ ಧನುರ್ವಾಯು ಬರಬಹುದು, ರೇಬೀಸ್ ಅಂದರೆ ಹುಚ್ಚುನಾಯಿ ರೋಗವೂ ಬರಬಹುದು. ಒಂದರ ಚುಚ್ಚುಮದ್ದು ಇನ್ನೊಂದನ್ನು ತಡೆಯುವುದಿಲ್ಲ.

ಧನುರ್ವಾಯು ಎಂದರೇನು?

ಇದರ ರೋಗಾಣು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಆಳವಾದ, ಕೊಳೆ ಸೇರಿದ ಗಾಯದ ಮೂಲಕ ಒಳಗೆ ಹೋಗಿ ವಿಷ ಉಂಟುಮಾಡುತ್ತದೆ. ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ ದವಡೆ ಬಿಗಿಯುತ್ತದೆ, ಕತ್ತು ಸೆಡೆಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಧನುಸ್ಸಿನಂತೆ ಬಾಗುವುದರಿಂದಲೇ ಈ ಹೆಸರು. ನಾಯಿ, ಬೆಕ್ಕು, ಮಂಗ, ದನ ಯಾವುದೇ ಕಚ್ಚಿದರೂ, ತುಕ್ಕು ಹಿಡಿದ ಮೊಳೆ ಚುಚ್ಚಿದರೂ ಈ ಅಪಾಯ ಇದ್ದೇ ಇದೆ.

ಯಾರಿಗೆ ಚುಚ್ಚುಮದ್ದು ಬೇಕು?

ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಟಿ.ಟಿ. ಬದಲು ಟಿ.ಡಿ. ಕೊಡುತ್ತಾರೆ. ಇದು ಗಂಟಲುಮಾರಿಯನ್ನೂ ತಡೆಯುತ್ತದೆ. ಹಿಂದೆ ಕನಿಷ್ಠ 3 ಡೋಸ್ ಆಗಿದ್ದು, ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೆ ಕಚ್ಚಿದ ಗಾಯಕ್ಕೆ ಇನ್ನೊಂದು ಡೋಸ್ ಬೇಕು. 3 ಡೋಸ್ ಆಗದವರು, ನೆನಪಿಲ್ಲದವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅವರಿಗೆ ಲಸಿಕೆಯ ಜೊತೆ ಬೇರೆ ಮದ್ದೂ ಬೇಕಾಗಬಹುದು.

ನಮಗೆ ಹೆಂಗಸರಿಗೆ ಬಸುರಿಯಲ್ಲಾದರೂ ಈ ಇಂಜೆಕ್ಷನ್ ಸಿಕ್ಕಿರುತ್ತದೆ. ಗಂಡಸರಿಗೆ ಬಸುರಿಯೂ ಇಲ್ಲ, ತಾಯಿ ಕಾರ್ಡೂ ಇಲ್ಲ! ಗದ್ದೆ, ಕೊಟ್ಟಿಗೆಯಲ್ಲಿ ದುಡಿಯುವ ನಿಮ್ಮ ಗಂಡ, ಮಾವ, ಅಣ್ಣತಮ್ಮಂದಿರು ಕೊನೆಯದಾಗಿ ಯಾವಾಗ ಹಾಕಿಸಿಕೊಂಡರೆಂದು ಇವತ್ತೇ ಕೇಳಿ.

ರೇಬೀಸ್ ಲಸಿಕೆ ಮರೆಯಬೇಡಿ

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದು ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಚಿಕಿತ್ಸೆ ಶುರುಮಾಡಿ ಪೂರ್ತಿ ಮಾಡಿದರೆ ತಡೆಯಬಹುದು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು. ಈಗ ತೋಳಿಗೆ ಕೊಡುತ್ತಾರೆ. ಲಸಿಕೆ ಶುರುವಾದ ದಿನ, ನಂತರ 3, 7 ಮತ್ತು 28ನೇ ದಿನ; ಸ್ನಾಯುವಿಗೆ ಕೊಡುವ ಕ್ರಮವಾದರೆ 14ನೇ ದಿನವೂ ಇರುತ್ತದೆ. ರಕ್ತ ಬಂದ ಗಾಯವಾದರೆ ಗಾಯದೊಳಗೂ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದು ಹಾಕಬೇಕಾಗುತ್ತದೆ. ಬಸುರಿ, ಬಾಣಂತಿಯರೂ ಈ ಲಸಿಕೆ ಹಾಕಿಸಿಕೊಳ್ಳಬಹುದು. ಸಾಕಿದ ನಾಯಿ, ಪುಟ್ಟ ಮರಿ ಎಂದು ಸುಮ್ಮನಿರಬೇಡಿ.

ಕಚ್ಚಿದ ಕೂಡಲೇ

• ಹರಿಯುವ ನೀರು, ಸೋಪಿನಿಂದ 15 ನಿಮಿಷ ಗಾಯ ತೊಳೆಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಾ ಇರಿ.
• ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ.
• ಅದೇ ದಿನ ಆಸ್ಪತ್ರೆಗೆ ಹೋಗಿ. "ಟಿ.ಡಿ. ಬೇಕೇ? ರೇಬೀಸ್ ಲಸಿಕೆ ಬೇಕೇ?" ಎಂದು ಎರಡನ್ನೂ ಬಾಯಿಬಿಟ್ಟು ಕೇಳಿ. ಎರಡನ್ನೂ ಒಂದೇ ದಿನ ಕೊಡಬಹುದು.
• ತಡವಾಗಿದ್ದರೂ ಹೋಗಿ. ತಡವಾಯಿತೆಂದು ಬಿಟ್ಟುಬಿಡಬೇಡಿ.

ಸಂಘ ಏನು ಮಾಡಬಹುದು?

ಆ ಸದಸ್ಯೆ ಎರಡನೇ ಚುಚ್ಚುಮದ್ದಿನ ದಿನ, "ಕೂಲಿ ಹೋಗುತ್ತೆ ಸಿಸ್ಟರ್, ಬಸ್ಸಿಗೂ ದುಡ್ಡಿಲ್ಲ" ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ, ಆದರೆ ದಾರಿ ಖರ್ಚು ಉಚಿತವಲ್ಲವಲ್ಲ! ಆಗ ಸಂಘದವರೇ ಉಳಿತಾಯದಿಂದ ಬಸ್ ಚಾರ್ಜು ಕೊಟ್ಟರು. ಪ್ರತಿ ಸಲವೂ ಒಬ್ಬರು ಜೊತೆಗೆ ಹೋದರು. ಮುಂದಿನ ತಾರೀಕನ್ನು ಸಭೆಯ ಪುಸ್ತಕದಲ್ಲೇ ಬರೆದಿಟ್ಟರು. ಇಂದು ಅವರು ಆರೋಗ್ಯವಾಗಿ ಸಭೆಗೆ ಬರುತ್ತಿದ್ದಾರೆ.

ಸಾಲದ ಕಂತಿನ ತಾರೀಕು ಮರೆಯದ ನಾವು ಇಂಜೆಕ್ಷನ್ನಿನ ತಾರೀಕನ್ನು ಮರೆಯಬಹುದೇ? ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ, ಓದಲು ಬಾರದ ಅಕ್ಕಂದಿರಿಗೂ ತಿಳಿಸಿ.