ಪ್ಲಾಟ್‌ಫಾರ್ಮಿನಿಂದ ತಿರುಗಿ ಊರಿಗೆ

ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಇನ್ನೂ ರೈಲು ಬಂದಿಲ್ಲ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯವರದೂ ಅದೇ ಕಥೆ. ಆದರೆ ಮನೆಯಲ್ಲಿ ಸಿಟ್ಟು ಮಾಡಿಕೊಂಡ ಹುಡುಗನಿಗೆ ರೈಲು ಎಲ್ಲಿ ಸಿಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಿಮ್ಮಾಪುರದಿಂದ ಮುಧೋಳ, ಅಲ್ಲಿಂದ ಬಾಗಲಕೋಟೆಯ ಬಸ್ಸು; ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಇಲ್ಲವೇ ಘಟಪ್ರಭಾ ನಿಲ್ದಾಣ ಹಿಡಿದರೆ ಮೀರಜ, ಪುಣೆ, ಮುಂಬೈ.

ಯಾಕೆ ಓಡುತ್ತಾರೆ? ಪರೀಕ್ಷೆಯಲ್ಲಿ ನಪಾಸಾಗಿದ್ದು, ಅಪ್ಪನ ಕುಡಿತ, ಬಾಸುಂಡೆ ಬರುವ ಹೊಡೆತ, ಸಿನಿಮಾ ನಟನನ್ನು ಕಣ್ಣಾರೆ ನೋಡುವ ಹುಚ್ಚು. ಕಾರಣ ದೊಡ್ಡವರಿಗೆ ಚಿಕ್ಕದಾಗಿ ಕಾಣಬಹುದು, ಹನ್ನೊಂದು ವರ್ಷದವನಿಗೆ ಅದೇ ಜಗತ್ತು. ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಇದೆ. ಇಲ್ಲಿ ಮನೆಯೇ ಒಂದು ಕಡೆ ನಿಲ್ಲುವುದಿಲ್ಲ. ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಂಥವುಗಳ ಹಂಗಾಮು ನಂಬಿ ಕಬ್ಬು ಕಡಿಯುವ ಗ್ಯಾಂಗುಗಳು ಜೋಪಡಿ ಹಾಕುತ್ತವೆ; ಕೈಕೂಸು ಹೊತ್ತ ಅಕ್ಕನ ಶಾಲೆ ಅಲ್ಲಿಗೆ ಮುಗಿಯಿತು. ಇತ್ತ ಬಾಗಲಕೋಟೆ, ವಿಜಯಪುರದ ಕುಟುಂಬಗಳು ಗೋವಾಕ್ಕೆ ದುಡಿಯಲು ಹೋಗಿ ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ನೆಲೆಸಿವೆ. ಬರಗಾಲ ಬಿದ್ದಾಗ ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳು. ಅಂಥ ಕಡೆ ಬೆಳೆಯುವ ಮಗುವಿಗೂ ಬೀದಿಗೂ ನಡುವೆ ಒಂದು ತಗಡಿನ ಬಾಗಿಲಷ್ಟೇ ಅಂತರ.

ಇಂಥ ಮಕ್ಕಳಿಗಾಗಿ ಕನ್ನಡ ನಾಡಿನಲ್ಲೇ ಹುಟ್ಟಿದ ಸಂಸ್ಥೆ ‘ಸಾಥಿ’. 1992ರಲ್ಲಿ ರಾಯಚೂರಿನಲ್ಲಿ ಶುರುವಾಯಿತು. ಅದಕ್ಕೂ ಮೊದಲು, 1980ರಲ್ಲೇ, ಬೆಂಗಳೂರಿನಲ್ಲಿ ಡಾನ್ ಬಾಸ್ಕೋ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳು ಬೀದಿ ಮಕ್ಕಳ ಜೊತೆ ಕೂತು ಮಾತಾಡುತ್ತ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಕಟ್ಟಿದ್ದರು. ಚಿಂದಿ ಆಯುವ ಹುಡುಗರ ಗೆಳೆತನವೇ ಅದರ ಬಂಡವಾಳ. ಸಾಥಿಯೂ ಬೀದಿ ಮಕ್ಕಳಿಗೆ ಆಸರೆ ಕೊಡುವ ಸಂಸ್ಥೆಯಾಗಿಯೇ ಆರಂಭವಾಯಿತು. ಆಮೇಲೆ ಅದರ ಗಮನ ರೈಲು ನಿಲ್ದಾಣದ ಕಡೆಗೆ ಹೊರಳಿತು, ಗುರಿಯೂ ಬದಲಾಯಿತು: ಮಗುವನ್ನು ಆದಷ್ಟು ಬೇಗ ಅದರ ಮನೆಗೆ ಮುಟ್ಟಿಸಬೇಕು.

ಕೇಳಲು ಸರಳ. ಆದರೆ ಅನಾಥಾಶ್ರಮ ಕಟ್ಟುವುದೇ ಪುಣ್ಯವೆಂದು ನಂಬಿದ ನಮ್ಮ ಸಮಾಜದಲ್ಲಿ ಇದು ಎದುರೀಜು. ಕಟ್ಟಡಕ್ಕೆ ದಾನಿಯ ಹೆಸರು ಕೆತ್ತಿಸಬಹುದು. ಹುಡುಗನೊಬ್ಬ ತನ್ನ ಮನೆ ಸೇರಿದ್ದಕ್ಕೆ ಕಲ್ಲು ನೆಡುವುದೆಲ್ಲಿ?

ಕೆಲಸ ನಡೆಯುವುದು ಪ್ಲಾಟ್‌ಫಾರ್ಮಿನಲ್ಲಿ. ಗಾಡಿ ಬಂದು ನಿಂತಾಗ ಇಳಿಯುವ ಜನಜಂಗುಳಿಯಲ್ಲಿ ಕಾರ್ಯಕರ್ತರ ಕಣ್ಣು ಒಂಟಿ ಮಗುವನ್ನು ಹುಡುಕುತ್ತದೆ. ಹೊಸಬ ಬೇಗ ಗೊತ್ತಾಗುತ್ತಾನೆ: ಅಂಗಿ ಇನ್ನೂ ಮಾಸಿಲ್ಲ, ಹೆಗಲಿಗೆ ಶಾಲೆಯ ಚೀಲ, ಯಾವ ಕಡೆ ಹೋಗಬೇಕೆಂದು ತಿಳಿಯದ ಕಾಲು. ಅವನ ಹತ್ತಿರ ಮೊದಲು ಹೋಗುವವರು ಯಾರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕಾರ್ಯಕರ್ತ ತಡ ಮಾಡಿದರೆ ಹೋಟೆಲ್ ಕೆಲಸಕ್ಕೆ ಹುಡುಗರನ್ನು ಹಿಡಿಯುವವನೋ, ಖಾಲಿ ಬಾಟಲಿ ಆಯುವ ಗುಂಪಿನ ದಾದಾನೋ ಬರುತ್ತಾನೆ. ಆ ಗುಂಪು ಸೇರಿದ ಮೇಲೆ ಕೈಯಲ್ಲಿ ಕಾಸು ಓಡಾಡುತ್ತದೆ, ನಶೆಗಾಗಿ ಬಟ್ಟೆಗೆ ಸಲ್ಯೂಶನ್ ಎಂಬ ಅಂಟು ಹಾಕಿ ಮೂಸುವುದು ಕಲಿಯುತ್ತಾನೆ. ಆಗ ಮನೆ ಎಂಬ ಮಾತೇ ಬೇಡವಾಗುತ್ತದೆ.

“ಯಾವೂರೋ ತಮ್ಮಾ?” ಎಂದು ಕೇಳಿದರೆ ನಿಜ ಹೇಳುವವರು ಕಡಿಮೆ. ಹೆಸರು ಸುಳ್ಳು, ಊರು ಸುಳ್ಳು, ಅಪ್ಪ-ಅವ್ವ ಸತ್ತರೆಂಬುದೂ ಸುಳ್ಳು. ಬೈದರೆ ಬಾಯಿ ಮುಚ್ಚುತ್ತಾರೆ. ಸಂತೆ ಯಾವ ವಾರ, ಜಾತ್ರೆ ಯಾವ ದೇವರದು, ಹೊಳೆ ಇದೆಯೋ ಇಲ್ಲವೋ ಎಂದು ಹರಟೆ ಹೊಡೆದರೆ ಊರು ತಾನಾಗಿ ಹೊರಗೆ ಬರುತ್ತದೆ. ಬಹುಕಾಲ ಬೀದಿಯಲ್ಲಿದ್ದವರಿಗೆ ಇಷ್ಟು ಸಾಲದು. ಅವರಿಗಾಗಿ ಸಾಥಿ ಸುಮಾರು ಒಂದು ತಿಂಗಳ ಶಿಬಿರ ನಡೆಸುತ್ತ ಬಂದಿದೆ. ಆಟ, ಹಾಡು, ಹೊತ್ತಿಗೆ ಸರಿಯಾಗಿ ಊಟ. ಜೊತೆಗೆ ಬಿಟ್ಟುಬಂದ ಮನೆಯ ಮಾತು. ಕೊನೆಯ ದಿನ ತಂದೆ-ತಾಯಿಯನ್ನು ಅಲ್ಲಿಗೇ ಕರೆಸಿ ಮಗುವನ್ನು ಒಪ್ಪಿಸುತ್ತಾರೆ.

ಎಲ್ಲ ಮಕ್ಕಳಿಗೂ ಮನೆಯೇ ಮದ್ದು ಎಂದರೆ ಮಾತ್ರ ತಪ್ಪಾಗುತ್ತದೆ. ಹೊಡೆದು ಕೈ ಮುರಿದವನ ಕೈಗೇ ಮಗುವನ್ನು ಕೊಡಲಾಗದು. ಆ ತೀರ್ಮಾನ ಸಂಸ್ಥೆಯದಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿ ಮನೆಯ ಸ್ಥಿತಿಯ ವರದಿ ತರಿಸಿ, ಮನೆಯೋ ಬಾಲಮಂದಿರವೋ ಎಂದು ನಿರ್ಧರಿಸುತ್ತದೆ. ನಿಲ್ದಾಣದಲ್ಲಿ ಒಂಟಿ ಮಕ್ಕಳನ್ನು ಹುಡುಕುವ ಕೆಲಸಕ್ಕೆ ಈಗ ರೈಲ್ವೆ ರಕ್ಷಣಾ ಪಡೆಯೂ ಇಳಿದಿದೆ. 2018ರಿಂದ 2024ರ ಮೇವರೆಗೆ ದೇಶದಾದ್ಯಂತ 84,119 ಮಕ್ಕಳನ್ನು ಅದು ರಕ್ಷಿಸಿದೆ.

ಊರಿಗೆ ಬಂದವನು ಮತ್ತೆ ಓಡಬಾರದಲ್ಲ? ನನ್ನ ಮಟ್ಟಿಗೆ ಇಡೀ ಕೆಲಸದ ಗಂಟು ಇರುವುದು ಇಲ್ಲಿ. ಒಲೆ ಹತ್ತದ ಮನೆಗೆ ಬುದ್ಧಿವಾದ ಹೇಳಿ ಉಪಯೋಗವಿಲ್ಲ. ಅಂಥ ಮನೆಗೆ ಬೇಕಾದದ್ದು ಹಣದ ಆಸರೆ. ಮಕ್ಕಳ ರಕ್ಷಣೆಗಾಗಿ ಇರುವ ಸರ್ಕಾರದ ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯರ, ಗಂಡ ಬಿಟ್ಟವರ, ದೊಡ್ಡ ಕಾಯಿಲೆ ಬಿದ್ದವರ ಮಕ್ಕಳು, ಅಜ್ಜಿಯ ಮನೆಯಲ್ಲಿರುವ ತಬ್ಬಲಿಗಳು ಇದಕ್ಕೆ ಬರುತ್ತಾರೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಿರಬಾರದು. ಅರ್ಜಿ ಕೊಡಬೇಕಾದದ್ದು ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬನಹಟ್ಟಿಯ ಮಗ್ಗದ ಓಣಿಯಲ್ಲೋ ಕಬ್ಬಿನ ಜೋಪಡಿಯಲ್ಲೋ ಇರುವ ತಾಯಿಗೆ ಈ ವಿಷಯ ಹೇಳಿ, ಫಾರಂ ತುಂಬಿ ಕೊಡುವವರು ಬೇಕು. ಅಂಗನವಾಡಿ ಅಕ್ಕ, ಶಾಲೆಯ ಮಾಸ್ತರ, ಕಾಲೇಜು ಓದುವ ಹುಡುಗ, ಯಾರಾದರೂ ಸರಿ.

ಬಸ್ ನಿಲ್ದಾಣದಲ್ಲಿ ಒಂಟಿ ಮಗು ಕಂಡರೆ ಹತ್ತು ರೂಪಾಯಿ ಕೊಟ್ಟು ಮುಂದೆ ಹೋಗಬೇಡಿ, ‘ಪಾಪ’ ಎಂದು ಅಂಗಡಿ ಕೆಲಸಕ್ಕೂ ಕರೆದೊಯ್ಯಬೇಡಿ; 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 1098ಕ್ಕೆ ಫೋನ್ ಮಾಡಿ. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ನಡೆಸುತ್ತಿದ್ದು, ತುರ್ತು ಸಂಖ್ಯೆ 112ರ ಜೊತೆ ಜೋಡಿಸಲಾಗಿದೆ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕತ್ತರಿಸುವುದಿಲ್ಲ. ಸಹಾಯವಾಣಿಯವರು ಬರುವತನಕ ಮಗುವಿನ ಪಕ್ಕದಲ್ಲಿ ಕುಳಿತಿರಿ.