ಮೂಡು, ಪಡು ಮತ್ತು ಡೊಂಬಿವಲಿ ವೆಸ್ಟ್

ಬೆಳಗಿನ ಹೊತ್ತು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಯಾರೂ ನಿಲ್ಲುವುದಿಲ್ಲ; ನಿಂತರೂ ಹಿಂದಿನವರು ನಿಲ್ಲಗೊಡುವುದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ಅಲ್ಲಿ ನಿಂತುಬಿಟ್ಟ. ಪಿಯುಸಿ ಮುಗಿಸಿ, ನವಿ ಮುಂಬಯಿಯ ಕಾಲೇಜೊಂದರಲ್ಲಿ ಸೀಟು ಹಿಡಿದು, ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿ, ಠಾಣೆಯಲ್ಲಿ ಇಳಿದು ಲೋಕಲ್ ಹಿಡಿದು ಬಂದಿದ್ದ. ಮನೆ ವೆಸ್ಟಿನಲ್ಲಿ ಎಂದು ಮೊದಲೇ ಹೇಳಿದ್ದೆ. ಅವನು ಮೋಡದ ಮರೆಯ ಸೂರ್ಯನನ್ನು ಹುಡುಕುತ್ತ ಕೇಳಿದ: “ಮಾವ, ಇಲ್ಲಿ ಪಡು ಯಾವ ಬದಿ?”

ಕರಾವಳಿಯವನ ಪ್ರಶ್ನೆ ಅದು. ಅಲ್ಲಿ ಸಮುದ್ರವಿದ್ದ ಕಡೆ ಪಡು, ಘಟ್ಟವಿದ್ದ ಕಡೆ ಮೂಡು. ಪಡುಕೋಣೆ, ಮೂಡುಬಿದಿರೆ, ಬಡಗಬೆಟ್ಟು, ತೆಂಕನಿಡಿಯೂರು ಎಂದು ಊರಿನ ಹೆಸರುಗಳಲ್ಲೇ ದಿಕ್ಕು ಕೂತಿದೆ. ಡೊಂಬಿವಲಿಯಲ್ಲಿ ಈಸ್ಟ್, ವೆಸ್ಟ್ ಎಂದರೆ ಸೂರ್ಯನ ಲೆಕ್ಕವಲ್ಲ, ರೈಲು ಹಳಿಯ ಲೆಕ್ಕ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ರೈಲು ಮರುವರ್ಷ ಕಲ್ಯಾಣ ಮುಟ್ಟಿತು. ಆಮೇಲೆ ಬೆಳೆದ ಪೇಟೆಗಳನ್ನು ಹಳಿಯೇ ಎರಡಾಗಿ ಸೀಳಿತು. ದಿವಾದಿಂದ ಡೊಂಬಿವಲಿಗೆ ಬರುವ ಹಳಿ ಈಶಾನ್ಯಕ್ಕೆ ಓರೆಯಾಗಿ ಸಾಗುವುದರಿಂದ ನಮ್ಮ ‘ವೆಸ್ಟ್’ ನಿಜಕ್ಕೂ ವಾಯವ್ಯ. ಹುಡುಗನ ಗಲಿಬಿಲಿಗೆ ಕಾರಣವಿತ್ತು.

ಮಿದುಳಿನೊಳಗೆ ಒಂದು ಬಗೆಯ ದಿಕ್ಸೂಚಿ ಇದೆ. 1984ರಲ್ಲಿ ಅಮೆರಿಕದ ಜೇಮ್ಸ್ ರ‍್ಯಾಂಕ್ ಇಲಿಗಳ ಮಿದುಳಿನಲ್ಲಿ ಅದನ್ನು ಗುರುತಿಸಿದರು. ಇಲಿಯ ತಲೆ ಒಂದು ನಿರ್ದಿಷ್ಟ ದಿಕ್ಕಿಗೆ ತಿರುಗಿದಾಗ ಮಾತ್ರ ಚುರುಕಾಗುವ ನರಕೋಶಗಳಿವು. ಸ್ವಾರಸ್ಯವಿರುವುದು ಮುಂದಿನ ಪ್ರಯೋಗಗಳಲ್ಲಿ. ಗೋಡೆಗೆ ಅಂಟಿಸಿದ್ದ ಒಂದು ಬಿಳಿ ಕಾರ್ಡನ್ನು ಬೇರೆ ಕಡೆಗೆ ಸರಿಸಿದರೆ ಈ ಕೋಶಗಳ ‘ಉತ್ತರ’ವೂ ಅದರ ಜೊತೆಗೇ ತಿರುಗುತ್ತಿತ್ತು. ಅಂದರೆ ಈ ದಿಕ್ಸೂಚಿ ಅಯಸ್ಕಾಂತದ್ದಲ್ಲ, ಕಣ್ಣಿಗೆ ಕಾಣುವ ಗುರುತಿಗೆ ಕಟ್ಟಿದ್ದು. ಕುಂದಾಪುರದ ಹುಡುಗನಿಗೆ ಕಡಲು, ಘಟ್ಟ ಎರಡೂ ಆ ಬಿಳಿ ಕಾರ್ಡು. ರೈಲು ಇಳಿದ ಬೆಳಿಗ್ಗೆ ಎರಡೂ ಕಾಣಲಿಲ್ಲ.

ದಿಕ್ಕು ಸಿಕ್ಕರೆ ಸಾಲದು, ನಕ್ಷೆಯೂ ಬೇಕು. 1971ರಲ್ಲಿ ಲಂಡನ್ನಿನಲ್ಲಿ ಜಾನ್ ಒಕೀಫ್ ಮತ್ತು ಜೊನಾಥನ್ ದಾಸ್ತ್ರೊವ್‌ಸ್ಕಿ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ‘ಸ್ಥಳಕೋಶ’ಗಳನ್ನು ಕಂಡರು: ಪ್ರಾಣಿ ಒಂದು ಜಾಗಕ್ಕೆ ಬಂದಾಗ ಒಂದು ಕೋಶ, ಮತ್ತೊಂದು ಜಾಗಕ್ಕೆ ಮತ್ತೊಂದು. ಒಕೀಫ್ ಅವರಿಗೆ 2014ರ ನೊಬೆಲ್ ಬಂದದ್ದು ಇದಕ್ಕೇ. 1993ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳನ್ನು ಹೊಸ ಜಾಗಕ್ಕೆ ಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ಹೊಸ ನಕ್ಷೆ ಮೂಡತೊಡಗಿತು. ಆದರೆ ಇಲಿಗೆ ಕೊಟ್ಟದ್ದು ಒಂದು ಪೆಟ್ಟಿಗೆ, ನಮ್ಮ ಹುಡುಗನಿಗೆ ಸಿಕ್ಕಿದ್ದು ನೂರು ತುಂಡು: ರೂಮು, ಸ್ಟೇಷನ್, ಠಾಣೆಯ ಒಂಬತ್ತು-ಹತ್ತನೇ ಪ್ಲಾಟ್‌ಫಾರಂ, ಅಲ್ಲಿಂದ ಹೊರಡುವ ವಾಶಿ ಲೋಕಲ್, ಕಾಲೇಜು. ಒಂದೊಂದು ತುಂಡು ಬೇಗ ಪರಿಚಯವಾಗುತ್ತದೆ, ಅವುಗಳ ಹೊಲಿಗೆ ನಿಧಾನ. ಎರಡನೇ ದಿನ ಇವನು ಹೋಗಬೇಕಾದದ್ದು ಕೋಪರ್ ಖೈರಣೆಗೆ, ಇಳಿದದ್ದು ಕೋಪರ್‌ನಲ್ಲಿ. ಮೊದಲನೆಯದು ನವಿ ಮುಂಬಯಿಯದು. ಎರಡನೆಯದು ಡೊಂಬಿವಲಿಯ ಪಕ್ಕದ ಸ್ಟೇಷನ್.

ಮೊದಲ ರಾತ್ರಿ ಅವನಿಗೆ ನಿದ್ದೆಯೂ ಹತ್ತಲಿಲ್ಲ. ಹಳಿ ದೂರವಿದ್ದರೂ ಪ್ರತಿ ಲೋಕಲ್ಲಿಗೂ ಮಗ್ಗುಲು ಬದಲಿಸಿದ. ಹೊಸ ಜಾಗ ಎನ್ನುತ್ತಾರಲ್ಲ, ಅದೇ. 2016ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ, ಯೂಕಾ ಸಸಾಕಿ ಮತ್ತು ಜೊತೆಗಾರರು ಇದನ್ನು ಅಳೆದು ನೋಡಿದರು. ಅಪರಿಚಿತ ಕೋಣೆಯ ಮೊದಲ ರಾತ್ರಿ ಮಿದುಳಿನ ಎಡ ಅರ್ಧದ ಒಂದು ಜಾಲ ಬಲದಷ್ಟು ಗಾಢವಾಗಿ ಮಲಗುವುದಿಲ್ಲ. ಆಗ ಬಲಗಿವಿಗೆ ಬಿದ್ದ ವಿಚಿತ್ರ ಸದ್ದು ಜನರನ್ನು ಬೇಗ ಎಬ್ಬಿಸಿತು. ಅದೇ ಕೋಣೆಯಲ್ಲಿ ಮತ್ತೊಮ್ಮೆ ಮಲಗಿಸಿದಾಗ ಆ ವ್ಯತ್ಯಾಸ ಇರಲಿಲ್ಲ. ಮಿದುಳಿನ ಒಂದು ಪಾಲು ಕಾವಲಿಗೆ ಕೂತಿತ್ತು, ಅಷ್ಟೆ. ಅದನ್ನು ಊರಿನ ನೆನಪೆಂದೋ ಅಂಜಿಕೆಯೆಂದೋ ಹುಡುಗರು ತಮ್ಮನ್ನೇ ಹಳಿದುಕೊಳ್ಳಬೇಕಿಲ್ಲ.

ನನಗೆ ಸೋಜಿಗವೆನಿಸಿದ್ದು ಇನ್ನೊಂದು. ಡೊಂಬಿವಲಿಯ ಸುತ್ತು ಬಳಸು ಗಲ್ಲಿಗಳು ಅವನಿಗೆ ವಾರದೊಳಗೆ ವಶವಾದವು. ಅಳೆದು ಗೆರೆ ಎಳೆದ ಕೋಪರ್ ಖೈರಣೆಯಲ್ಲಿ ತಿಂಗಳಾದರೂ ದಾರಿ ತಪ್ಪುತ್ತಿದ್ದ. 1970ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋ ನವಿ ಮುಂಬಯಿಯನ್ನು ಸೆಕ್ಟರುಗಳಾಗಿ ಕಟ್ಟಿತು: ನೇರ ರಸ್ತೆ, ನಂಬರು, ಒಂದನ್ನೊಂದು ಹೋಲುವ ಕಟ್ಟಡ. 2022ರಲ್ಲಿ ಆಂತ್ವಾನ್ ಕುತ್ರೊ, ಹ್ಯೂಗೊ ಸ್ಪಿಯರ್ಸ್ ಮುಂತಾದವರು ‘ಸೀ ಹೀರೊ ಕ್ವೆಸ್ಟ್’ ಎಂಬ ಮೊಬೈಲ್ ಆಟದ ಮೂಲಕ 38 ದೇಶಗಳ ಸುಮಾರು ನಾಲ್ಕು ಲಕ್ಷ ಜನರ ದಾರಿ ಹುಡುಕುವ ಶಕ್ತಿಯನ್ನು ಪರೀಕ್ಷಿಸಿದರು. ನಗರದ ಹೊರಗೆ ಬೆಳೆದವರು ಒಟ್ಟಾರೆ ಮುಂದಿದ್ದರು. ಆದರೆ ಚೌಕಾಕಾರದ ಬೀದಿಗಳ ನಗರಗಳಲ್ಲಿ ಬೆಳೆದವರು ಅಂಥದೇ ಅಚ್ಚುಕಟ್ಟಾದ ಹಂತಗಳಲ್ಲಿ ಮೇಲುಗೈ ಪಡೆದರು. ಇದು ಲಕ್ಷಾಂತರ ಜನರ ಸರಾಸರಿ. ಒಬ್ಬ ಹುಡುಗನ ಜಾತಕವಲ್ಲ. ಆದರೂ ಗದ್ದೆಯಂಚು, ತೋಟದ ದಾರಿ, ಸಂಕ ದಾಟಿ ಶಾಲೆಗೆ ಹೋದ ಕಾಲಿಗೆ ಡೊಂಬಿವಲಿ ಹತ್ತಿರದ ನೆಂಟನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಊರು ಬಿಟ್ಟು ಬರುವವರು ಊರನ್ನು ಅಲ್ಲೇ ಬಿಟ್ಟು ಬರುತ್ತಾರೆ ಎಂದು ನಾವು ಮಾತಾಡುತ್ತೇವೆ. ಅದು ಪೂರ್ತಿ ಸರಿಯಲ್ಲ. ಹೊಸ ಊರನ್ನು ಓದುವ ಕಣ್ಣು ಹಳೆಯ ಊರು ತಿದ್ದಿದ ಕಣ್ಣು. ಹಿಂದೆ ಮಂಗಳೂರಿನಿಂದ ಹಡಗಿನಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಯಲ್ಲಿ ಓದಿದ ಹುಡುಗರೂ ಹೀಗೆಯೇ ಮುಂಬಯಿಯನ್ನು ಕಲಿತಿರಬೇಕು. ಅವರಿಗೆ ಶಾಲೆಯ ಕನ್ನಡ ಬೋರ್ಡೇ ಗೋಡೆಯ ಬಿಳಿ ಕಾರ್ಡು.

ದೀಪಾವಳಿಯ ಹೊತ್ತಿಗೆ ಅವನು ಲೋಕಲ್ಲಿನ ಬಾಗಿಲ ಬಳಿ ಕಣ್ಣು ಮುಚ್ಚಿ ನಿಂತಿದ್ದರೂ, ಠಾಣೆ ಬಿಟ್ಟ ಮೇಲೆ ಸೇತುವೆಯ ಸದ್ದಿನಿಂದಲೇ ಖಾಡಿ ಬಂತು, ಇನ್ನು ಕಲ್ವಾ ಎಂದು ಹೇಳಬಲ್ಲವನಾಗಿದ್ದ. ಒಂದು ಸಂಜೆ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತ ಇಬ್ಬರೂ ನಿಂತಿದ್ದೆವು. ಮಳೆ ಹೋಗಿ ಆಕಾಶ ತೊಳೆದಂತಿತ್ತು. ಸೂರ್ಯ ‘ವೆಸ್ಟ್’ ಬಿಟ್ಟು, ದಿವಾ ಕಡೆ, ಹಳಿಯತ್ತ ವಾಲಿ ಇಳಿಯುತ್ತಿದ್ದ. ಹುಡುಗ ಒಂದು ಗಳಿಗೆ ನೋಡಿದ.

“ಮಾವ,” ಎಂದ, “ಇಲ್ಲಿ ಸೂರ್ಯನೇ ಸ್ವಲ್ಪ ತಪ್ಪಿ ಮುಳುಗ್ತಾನೆ.”