ಚರಟದಲ್ಲಿ ಸಿಕ್ಕ ಎಣ್ಣೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬಾಯಿಗೆ ಹಾಕಿ ಒತ್ತಿದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುತ್ತದೆ. ತಿರುಳಿನೊಳಗೆ ಎರಡೋ ಮೂರೋ ಬೀಜ. ತಿನ್ನುವವರು ಉಗಿಯುತ್ತಾರೆ, ಜ್ಯೂಸ್ ಅಂಗಡಿಯವರು ಸೋಸಿ ಚೆಲ್ಲುತ್ತಾರೆ. ಆ ಬೀಜವನ್ನೊಮ್ಮೆ ತೊಳೆದು ಅಂಗೈ ಮೇಲಿಟ್ಟು ನೋಡಬೇಕು. ಒಂದು ತುದಿ ಚೂಪು, ಇನ್ನೊಂದು ದುಂಡಗೆ. ಚಪ್ಪಟೆ ಮೈಯಲ್ಲಿ ಉದ್ದಕ್ಕೆ ಎರಡು ಗೀರು. ಒಣಗಿಸಿ ಹಲ್ಲಿನಲ್ಲಿ ಕಡಿದರೆ ಮೊದಲು ಬಾಯೆಲ್ಲ ಒಗರು. ಆ ಒಗರು ಇಳಿದ ಮೇಲೆ ನಾಲಗೆಯ ಮೇಲೆ ತೆಳ್ಳಗೆ ಜಿಡ್ಡು ಉಳಿಯುತ್ತದೆ.

ಒಗರು ಬೇರೆ, ಜಿಡ್ಡು ಬೇರೆ. ಜಿಡ್ಡು ಎಣ್ಣೆಯಾಗಿ ಬಾಟಲಿ ಸೇರುತ್ತದೆ, ಒಗರು ಬಹುಪಾಲು ಹಿಂಡಿಯಲ್ಲೇ ಉಳಿದುಬಿಡುತ್ತದೆ. ದ್ರಾಕ್ಷಿ ಬೀಜದ ಎಣ್ಣೆಯ ಬಗ್ಗೆ ಕೇಳಿಬರುವ ಅತಿ ಹೊಗಳಿಕೆಯಲ್ಲಿ ಹೆಚ್ಚಿನದು ಇವೆರಡನ್ನೂ ಒಂದೇ ಎಂದುಕೊಂಡಿದ್ದರಿಂದ ಹುಟ್ಟಿದ್ದು.

ಈ ಎಣ್ಣೆ ವೈನ್ ಮಾಡುವ ನಾಡುಗಳದ್ದು. ಇಟಲಿ, ಫ್ರಾನ್ಸ್, ಸ್ಪೇನ್‌ಗಳಲ್ಲಿ ಸುಗ್ಗಿ ಮುಗಿಯುವ ಹೊತ್ತಿಗೆ ವೈನರಿಗಳ ಹಿತ್ತಲಲ್ಲಿ ಸಿಪ್ಪೆ, ಬೀಜ, ತೊಟ್ಟುಗಳ ಚರಟ ರಾಶಿ ಬೀಳುತ್ತದೆ. ಹಿಂಡಿದ ಹಣ್ಣಿನ ತೂಕದಲ್ಲಿ ಸರಿಸುಮಾರು ಐದನೆಯ ಒಂದು ಪಾಲು ಈ ಚರಟವೇ. ಇಟಲಿಯಲ್ಲಿ ಇದನ್ನು ಮೊದಲು ಭಟ್ಟಿ ಇಳಿಸಿ ಗ್ರಪ್ಪಾ ಎಂಬ ಮದ್ಯ ತೆಗೆಯುತ್ತಾರೆ. ಅದಾದ ಮೇಲೂ ಬೀಜ ಕೆಡುವುದಿಲ್ಲ. ಜರಡಿಯಲ್ಲಿ ಸಿಪ್ಪೆಯಿಂದ ಬೇರ್ಪಡಿಸಿ, ಒಣಗಿಸಿ, ಎಣ್ಣೆ ಗಿರಣಿಗೆ ಕಳಿಸುತ್ತಾರೆ. ಬೀಜದ ಹೊರಕವಚ ಕಟ್ಟಿಗೆಯಂತೆ ಗಟ್ಟಿ. ಒಳಗಿನ ಎಣ್ಣೆ ನೂರಕ್ಕೆ ಹತ್ತು ಹದಿನೈದರಷ್ಟು ಮಾತ್ರ. ಶೇಂಗಾದಲ್ಲಿ ಸುಮಾರು ಅರ್ಧ ಎಣ್ಣೆಯೇ ಇರುವುದನ್ನು ನೆನೆದರೆ ಇದು ಎಷ್ಟು ಜಿಪುಣ ಬೀಜ ಎಂದು ತಿಳಿಯುತ್ತದೆ. ಒಂದು ಟನ್ ದ್ರಾಕ್ಷಿಯಲ್ಲಿ 40 ಕೆ.ಜಿ. ಬೀಜ ಸಿಕ್ಕಿತು ಎಂದುಕೊಂಡರೂ ಕೈಗೆ ಬರುವ ಎಣ್ಣೆ ನಾಲ್ಕೈದು ಕೆ.ಜಿ. ಅದಕ್ಕೇ ಇದರ ಬೆಲೆ ಅಷ್ಟು. ದೊಡ್ಡ ಗಿರಣಿಗಳು ಇಷ್ಟು ಕಡಿಮೆ ಎಣ್ಣೆಗೆ ಒತ್ತುಯಂತ್ರವನ್ನಷ್ಟೇ ನೆಚ್ಚಿಕೊಳ್ಳದೆ ಹೆಕ್ಸೇನ್ ದ್ರಾವಕದಲ್ಲಿ ನೆನೆಸಿ ಎಣ್ಣೆ ಬಿಡಿಸಿಕೊಳ್ಳುತ್ತವೆ, ಆಮೇಲೆ ಶುದ್ಧೀಕರಿಸಿ, ಬಣ್ಣ ವಾಸನೆ ತೆಗೆಯುತ್ತವೆ. ಬಿಸಿಯಿಲ್ಲದೆ ಒತ್ತಿ ತೆಗೆದದ್ದು ಹಸಿರು ಛಾಯೆಯದು, ದ್ರಾಕ್ಷಿಯ ನೆನಪು ತರುವ ಸಣ್ಣ ಪರಿಮಳದ್ದು. ನನ್ನನ್ನು ಕೇಳಿದರೆ ರುಚಿಗೆ ಅದೇ ಸರಿ.

ನಮ್ಮಲ್ಲಿ ದ್ರಾಕ್ಷಿಯೆಂದರೆ ಮೊದಲು ವಿಜಯಪುರ. ಆದರೆ ಅಲ್ಲಿನ ತೋಟಗಳಲ್ಲಿ ತುಂಬಿರುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗದ ತಳಿಗಳು. ಅವುಗಳಲ್ಲಿ ಬೀಜ ಶುರುವಾಗಿ ಎಳೆಯದಾಗಿರುವಾಗಲೇ ಸೊರಗಿಬಿಡುತ್ತದೆ. ಒಣದ್ರಾಕ್ಷಿ ಮಾಡಲು ಅದೇ ಬೇಕಾದ ಗುಣ, ಎಣ್ಣೆಗೆ ಏನೂ ಉಳಿಯುವುದಿಲ್ಲ. ಬೀಜ ಇರುವುದು ಬೆಂಗಳೂರಿನ ಸುತ್ತಲ ನೀಲಿ ದ್ರಾಕ್ಷಿಯಲ್ಲಿ ಮತ್ತು ವೈನ್‌ಗೆಂದೇ ಬೆಳೆಸುವ ಕ್ಯಾಬರ್ನೆ, ಶಿರಾಜ್‌ನಂಥ ತಳಿಗಳಲ್ಲಿ. 1988ರಲ್ಲಿ ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ವೈನ್ ತೋಟ ಶುರುವಾಯಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಹಣ್ಣು ಹಿಂಡುವ ಕಡೆಯಲ್ಲೆಲ್ಲ ಬೀಜವೂ ರಾಶಿ ಬೀಳುತ್ತದೆ.

ಈಗ ಆರೋಗ್ಯದ ಮಾತು. ಈ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಲಿನೋಲಿಕ್ ಆಮ್ಲ, ಅಂದರೆ ಒಮೆಗಾ-6 ಬಳಗದ ಕೊಬ್ಬಿನಾಮ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ದ್ರಾಕ್ಷಿ ಬೀಜದ ಎಣ್ಣೆಯಲ್ಲಿ ಇದು ಶೇ 58ರಿಂದ 78ರಷ್ಟು ಇರುತ್ತದೆ. ನಮ್ಮ ದೇಹ ಇದನ್ನು ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಸಿಗಬೇಕು. ಬೆಣ್ಣೆ, ಡಾಲ್ಡಾ, ಪಾಮ್ ಎಣ್ಣೆಯಂಥವನ್ನು ಕಡಿಮೆ ಮಾಡಿ ಅವುಗಳ ಜಾಗದಲ್ಲಿ ಇಂಥ ಎಣ್ಣೆ ಬಳಸಿದರೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ ಎಂಬುದು ಗಟ್ಟಿಯಾಗಿ ನಿಂತಿರುವ ತಿಳಿವಳಿಕೆ. ‘ಜಾಗದಲ್ಲಿ’ ಎಂಬುದನ್ನು ಮರೆಯಬಾರದು. ಇರುವ ಎಣ್ಣೆಯ ಜೊತೆಗೆ ಇದನ್ನೂ ಸುರಿದುಕೊಂಡರೆ ಲಾಭವಿಲ್ಲ, ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ ಸೇರುತ್ತದೆ ಅಷ್ಟೇ. ವಿಟಮಿನ್ ಇ ಕೂಡ ಇದೆ, ಅದರಲ್ಲೂ ಟೋಕೋಟ್ರೈಯೆನಾಲ್ ಎಂಬ ಬಗೆಯದು. ಒಮೆಗಾ-3 ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಅಗಸೆಯನ್ನೋ ಮೀನನ್ನೋ ನೆಚ್ಚಿಕೊಳ್ಳಬೇಕು.

ಇಷ್ಟು ಓದಿದ ಮೇಲೆ ಉತ್ತರ ಕರ್ನಾಟಕದವರು ‘ಇದು ನಮ್ಮ ಕುಸುಬಿ ಎಣ್ಣೆ ಆತಲ್ಲ!’ ಎಂದರೆ ಅದು ಸರಿಯಾದ ಮಾತೇ. ನಾಟಿ ಕುಸುಬೆ ಎಣ್ಣೆಯಲ್ಲೂ ಲಿನೋಲಿಕ್ ಆಮ್ಲ ಮುಕ್ಕಾಲು ಪಾಲಿನಷ್ಟಿದೆ. ವಿಜಯಪುರ, ಕಲಬುರಗಿ, ಗದಗದ ಕರಿಮಣ್ಣಿನಲ್ಲಿ ಜೋಳದ ಜೊತೆ ಮುಳ್ಳು ಮುಳ್ಳಾಗಿ ನಿಲ್ಲುವ ಆ ಗಿಡದ ಎಣ್ಣೆಯನ್ನು ಖಾರಬ್ಯಾಳಿಗೆ, ಶೇಂಗಾ ಚಟ್ನಿಪುಡಿಗೆ ಹಾಕಿಕೊಂಡು ರೊಟ್ಟಿ ತಿಂದು ಬೆಳೆದ ಮನೆಗಳು ಎಷ್ಟೋ. ಹುಚ್ಚೆಳ್ಳೆಣ್ಣೆಯೂ ಇದೇ ಜಾತಿಯದು. ಹೃದಯದ ಆರೋಗ್ಯಕ್ಕೆಂದೇ ದುಬಾರಿ ಬಾಟಲಿ ಕೊಳ್ಳುವ ಮುಂಚೆ ಊರಿನ ಗಾಣದಲ್ಲಿ ಏನು ಸಿಗುತ್ತದೆ ಎಂದು ವಿಚಾರಿಸುವುದು ಒಳ್ಳೆಯದು.

ಇನ್ನು ಆ ಒಗರಿನ ಕಥೆ. ದ್ರಾಕ್ಷಿ ಬೀಜ ಎಂದೊಡನೆ ‘ಆಂಟಿ ಆಕ್ಸಿಡೆಂಟ್’ ಎನ್ನುತ್ತಾರಲ್ಲ, ಆ ಹೆಸರು ಬಂದದ್ದು ಪ್ರೊಆಂಥೋಸಯನಿಡಿನ್ ಎಂಬ ಒಗರು ಪದಾರ್ಥಗಳಿಂದ. ಫ್ರಾನ್ಸಿನ ಬೋರ್ಡೋ ನಗರದ ವಿಜ್ಞಾನಿ ಜಾಕ್ ಮಸ್ಕೆಲಿಯೆ ಇವುಗಳ ಬೆನ್ನುಹತ್ತಿ ಮೊದಲು ಕಂಡದ್ದು ಶೇಂಗಾದ ಕೆಂಪು ಸಿಪ್ಪೆಯಲ್ಲಿ. ದ್ರಾಕ್ಷಿ ಬೀಜ ಬಂದದ್ದು ಆಮೇಲೆ. ಇವು ನೀರಿನಲ್ಲಿ, ಆಲ್ಕೋಹಾಲಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಔಷಧದಂಗಡಿಯ ದ್ರಾಕ್ಷಿ ಬೀಜದ ಮಾತ್ರೆಯಲ್ಲಿ ಇರುವುದು ಇವು. ಬಾಟಲಿಯ ಎಣ್ಣೆಯಲ್ಲಿ, ಅದರಲ್ಲೂ ಶುದ್ಧೀಕರಿಸಿದ್ದರಲ್ಲಿ, ಹೆಸರಿಗೆ ಮಾತ್ರ. ಆದ್ದರಿಂದ ಮಾತ್ರೆಯ ಮೇಲೆ ನಡೆದ ಪ್ರಯೋಗದ ಫಲವನ್ನು ಎಣ್ಣೆಯ ಜಾಹೀರಾತಿನಲ್ಲಿ ಬಳಸುವುದು ಓದುಗರಿಗೆ ಮಾಡುವ ಮೋಸ. ಮಾತ್ರೆಯ ವಿಷಯದಲ್ಲೂ ಎಚ್ಚರ ಬೇಕು: ರಕ್ತ ತೆಳುವಾಗಲು ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಅಡುಗೆಯಲ್ಲಿ ಇದರ ದೊಡ್ಡ ಗುಣವೆಂದರೆ ತನ್ನ ರುಚಿಯನ್ನು ಮುಂದೆ ಮಾಡದಿರುವುದು. ಸಲಾಡಿಗೆ, ಮನೆಯಲ್ಲೇ ಕಡೆಯುವ ಮಯೊನೇಸ್‌ಗೆ, ಕೇಕಿಗೆ, ನಮ್ಮ ಕೋಸಂಬರಿಯ ಒಗ್ಗರಣೆಗೆ ಚೆನ್ನಾಗಿ ಒಗ್ಗುತ್ತದೆ. ಶುದ್ಧೀಕರಿಸಿದ ಎಣ್ಣೆ ಹೊಗೆಯಾಡಲು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವು ಬೇಕು ಎಂದು ತೋರಿಸಿ ಕರಿಯಲೂ ಯೋಗ್ಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲಿನೋಲಿಕ್ ಆಮ್ಲ ಹೆಚ್ಚಿದ್ದಷ್ಟೂ ಎಣ್ಣೆ ಕಾವಿಗೆ, ಗಾಳಿಗೆ ಬೇಗ ಕೆಡುತ್ತದೆ. ಹೊಗೆ ಕಾಣುವ ಮೊದಲೇ ಒಳಗೆ ಕೆಡುಕು ಶುರುವಾಗಿರುತ್ತದೆ. ಬಾಣಲೆ ತುಂಬ ಸುರಿದು ಪೂರಿ, ಬೋಂಡಾ ಕರಿದು, ಉಳಿದದ್ದನ್ನು ನಾಳೆಗೆ ಎತ್ತಿಡುವ ಕೆಲಸಕ್ಕೆ ಇದು ಬೇಡ. ಕಡು ಬಣ್ಣದ ಗಾಜಿನ ಸಣ್ಣ ಬಾಟಲಿ ತನ್ನಿ, ತೆರೆದ ಮೇಲೆ ಫ್ರಿಜ್‌ನಲ್ಲಿಡಿ. ಕಮಟು ವಾಸನೆ ಬಂದರೆ ಬೆಲೆ ನೋಡಿ ಮರುಗದೆ ಎಸೆಯಿರಿ.

ಕೊಳ್ಳುವಾಗ ತಯಾರಕರ ಹೆಸರಿಗೂ ಗಮನ ಕೊಡಬೇಕಾದ ಒಂದು ಕಾರಣವಿದೆ. ಹಸಿ ಬೀಜವನ್ನು ಒಲೆಯ ಹೊಗೆ ನೇರವಾಗಿ ತಾಗುವಂತೆ ಒಣಗಿಸಿದರೆ ಬೆಂಜೊಪೈರೀನ್ ಎಂಬ ಕ್ಯಾನ್ಸರ್‌ಕಾರಕ ಅದರಲ್ಲಿ ಸೇರಿಕೊಳ್ಳುತ್ತದೆ, ಎಣ್ಣೆಗೂ ಇಳಿಯುತ್ತದೆ. ಯುರೋಪಿನ ಒಕ್ಕೂಟ ಖಾದ್ಯ ತೈಲಗಳಲ್ಲಿ ಇದಕ್ಕೆ ಕೆ.ಜಿ.ಗೆ 2 ಮೈಕ್ರೊಗ್ರಾಂ ಎಂದು ಮಿತಿ ಹಾಕಿದೆ. ಬಿಸಿಗಾಳಿಯಲ್ಲಿ ಒಣಗಿಸಿ, ಪರೀಕ್ಷೆ ಮಾಡಿಸಿ ಮಾರುವವರ ಎಣ್ಣೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೈಗೆ ಹಚ್ಚಲು ಇದು ನಿಜಕ್ಕೂ ಒಳ್ಳೆಯ ಎಣ್ಣೆ. ಹಗುರ, ಅಂಟುವುದಿಲ್ಲ, ಬೇಗ ಹೀರಿಕೊಳ್ಳುತ್ತದೆ. ಮಸಾಜ್ ಮಾಡುವವರು, ಸಾಬೂನು ಮತ್ತು ಕ್ರೀಮ್ ತಯಾರಕರು ಮೆಚ್ಚುವುದು ಇದಕ್ಕೇ. ಹೊಸದಾಗಿ ಹಚ್ಚುವವರು ಮೊದಲು ಮೊಣಕೈ ಒಳಬದಿಗೆ ಸವರಿ ಒಂದು ದಿನ ಕಾಯುವುದು ಕ್ಷೇಮ. ಸುಕ್ಕು ಮಾಯವಾಗುತ್ತದೆ, ಬೋಳುತಲೆಯಲ್ಲಿ ಕೂದಲು ಚಿಗುರುತ್ತದೆ ಎಂಬ ಮಾತುಗಳನ್ನು ನಂಬಿ ದುಡ್ಡು ಹಾಕಬೇಡಿ.

ಮನೆಯಲ್ಲಿ ಕುಸುಬೆಯೋ ಹುಚ್ಚೆಳ್ಳೆಣ್ಣೆಯೋ ಇದ್ದರೆ ಅದನ್ನು ಬಿಟ್ಟು ಇದಕ್ಕೆ ಬದಲಾಗುವ ಅಗತ್ಯವಿಲ್ಲ. ಆದರೆ ವೈನರಿ ಮತ್ತು ಜ್ಯೂಸ್ ಘಟಕ ನಡೆಸುವ ನಮ್ಮವರು ಚರಟವನ್ನು ಗೊಬ್ಬರದ ಗುಂಡಿಗೆ ಸುರಿಯುವ ಮೊದಲು ಒಂದು ಜರಡಿ ಹಿಡಿಯಲಿ ಎಂಬುದು ನನ್ನ ಕೋರಿಕೆ. ಬೀಜ ಬೇರೆಯಾದರೆ ಎಣ್ಣೆ ಸಿಗುತ್ತದೆ, ಹಿಂಡಿಯಲ್ಲಿ ಆ ಒಗರೂ ಉಳಿಯುತ್ತದೆ. ಗೊಬ್ಬರಕ್ಕೆ ಸಿಪ್ಪೆ ಇದ್ದೇ ಇದೆ.